ಹುಣಸೆಹಣ್ಣಿಗೆ ಬಿಡದ ಹೊಳಪು

ಹೊಳೆಯುವ ಯಾವ ವಸ್ತು ಕಂಡರೂ ಹೆಬ್ಬೆರಳಿನ ಉಗುರಿನಿಂದ ಒಂದು ಸಲ ಕೆರೆದು ನೋಡುವ ಕೆಟ್ಟ ಅಭ್ಯಾಸ ನನಗಿದೆ. ಮದುವೆ ಮನೆಯ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತಿರುತ್ತಾರಲ್ಲ, ಎಲ್ಲರೂ ಪನ್ನೀರು ಚಿಮುಕಿಸಿಕೊಂಡು ನಗುತ್ತಾ ಒಳಗೆ ಹೋಗುತ್ತಾರೆ. ನಾನು ಪನ್ನೀರುದಾನಿಯ ಹೊಟ್ಟೆಗೆ ಉಗುರು ಹಾಕುತ್ತೇನೆ. ಬೆಳ್ಳಿಯೋ, ಬೆಳ್ಳಿಯ ನೀರೋ ಗೊತ್ತಾಗಬೇಕು. ನನ್ನ ಓರಗಿತ್ತಿ ಹೊಸ ಓಲೆ ಹಾಕಿಕೊಂಡು ಬಂದ ದಿನ ಆತುರದಲ್ಲಿ ಅವಳ ಕಿವಿಯನ್ನೇ ಕೆರೆದುಬಿಟ್ಟಿದ್ದೆ. "ಅಕ್ಕಾ, ಓಲೆ ಬೇಕಾದ್ರೆ ಕೆರೀರಿ, ಕಿವಿ ನಮ್ಮಪ್ಪ ಕೊಟ್ಟಿದ್ದು" ಎಂದಳು.

ಈಚೆಗೆ ಒಂದು ದಿನ ಅತ್ತೆಯ ಕಾಲು ಉಳುಕಿ, ಬಂಗಾರಪೇಟೆ ಸ್ಟೇಷನ್ ಮುಂದಿನಿಂದ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋಗಬೇಕಾಯಿತು. ಗಾಜು ಇಳಿಸಲು ತಿರುಗಿಸುವ ಹಿಡಿ ನನ್ನ ಮೊಣಕಾಲಿನ ಪಕ್ಕದಲ್ಲೇ ಫಳಫಳ ಎನ್ನುತ್ತಿತ್ತು. ಅತ್ತೆ ನರಳುತ್ತಿದ್ದರು, ನನ್ನ ಉಗುರು ಹಿಡಿಯ ಮೇಲೆ ಓಡಾಡುತ್ತಿತ್ತು. ಡ್ರೈವರ್ ಕನ್ನಡಿಯಲ್ಲಿ ನೋಡಿದ.

"ಅದಕ್ಕೇನು ನವೆ ಬಂದೈತಾ ತಾಯಿ, ಅಂಗ್ ಕೆರೀತಾ ಇದ್ದೀರ?"

ನಾಚಿಕೆಯಾಗಿ ಕೈ ತೆಗೆದೆ. ಅದು ನಿಜವಾದ ಕ್ರೋಮು, ಉಗುರಿಗೆ ಬಿಡಲಿಲ್ಲ. ಬಿಡದ ಹೊಳಪು ಕಂಡರೆ ನನ್ನ ಅಂಗೈ ಬೆವರುತ್ತದೆ. ಯಾಕೆಂದು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದವನಿಗೆ ಹೇಳಿಯಾಯಿತು, ಈಗ ನಿಮಗೆ ಹೇಳುತ್ತೇನೆ. ನಾಲ್ಕನೆಯ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಹಿಂದುಮುಂದಾದರೆ ನೀವೇ ಸರಿಮಾಡಿಕೊಳ್ಳಿ.

ನಾವು ಇದ್ದದ್ದು ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ, ಕೆಲಸಗಾರರ ಲೈನು ಮನೆಯಲ್ಲಿ. ಒಂದು ಗೋಡೆ ಈಚೆ ನಾವು, ಆಚೆ ತಮಿಳಿನ ಕಣ್ಣಮ್ಮ. ನಮ್ಮ ಮನೆಯಲ್ಲಿ ಸಾಸಿವೆ ಸಿಡಿದರೆ ಅವರ ಮನೆಯಲ್ಲಿ ಸೀನು. ಅಪ್ಪ ಗಣಿಯ ಒಬ್ಬ ಬಿಳಿ ದೊರೆಯ ಕಾರಿನ ಡ್ರೈವರು. ಅಮ್ಮ ಬಂಗಾರಪೇಟೆ ಕಡೆಯ ಹಳ್ಳಿಯವಳು. ನಾನು ದೊಡ್ಡವಳು, ರತ್ನ. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು ನಾಗರಾಜ, ನಮ್ಮೆಲ್ಲರ ಬಾಯಲ್ಲಿ ನಾಗ.

ಅವನಿಗೆ ಮೂರು ವರ್ಷವಿದ್ದಾಗ ಎಡಗಿವಿ ಸೋರಲು ಶುರುವಾಯಿತು. ಅಮ್ಮ ದಿನಾ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತೊಟ್ಟು ತೊಟ್ಟಾಗಿ ಬಿಡುತ್ತಿದ್ದಳು. ಕಿವಿ ಪೂರ್ತಿ ಸರಿಯಾಗಲೇ ಇಲ್ಲ, ಮಂದವಾಗಿ ಉಳಿಯಿತು. ನನಗೆ ಕಂಡದ್ದು ಕಿವಿಯಲ್ಲ, ತೊಡೆ. ನನ್ನ ಎರಡು ಕಿವಿಯೂ ಹಾಳಾಗದೆ ಗಟ್ಟಿಯಾಗಿದ್ದವು, ದರಿದ್ರದವು. ಒಂದು ದಿನ ಎಡಗಿವಿಗೆ ಒಂದು ಹುರಿಗಡಲೆ ತುರುಕಿಕೊಂಡು "ಅಮ್ಮಾ ಕಿವಿ" ಎಂದು ಅಳತೊಡಗಿದೆ. ತೊಡೆ ಸಿಗಲಿಲ್ಲ. ಗಣಿ ಆಸ್ಪತ್ರೆಯ ಕಾಂಪೌಂಡರು ಚಿಮಟದಲ್ಲಿ ಕಡಲೆ ತೆಗೆದು ಅಮ್ಮನ ಅಂಗೈಯಲ್ಲಿಟ್ಟ. ಅಮ್ಮ ಅದೇ ಅಂಗೈಯಿಂದ ನನ್ನ ಕೆನ್ನೆಗೆ ಬಿಟ್ಟಳು. ಕಡಲೆ ಎಲ್ಲಿ ಹೋಯಿತೋ ನೆನಪಿಲ್ಲ.

ಹೊಟ್ಟೆಕಿಚ್ಚು ಎಂದರೆ ಒಂದೇ ಸಲಕ್ಕೆ ಭಗ್ ಎಂದು ಹತ್ತಿಕೊಳ್ಳುವ ಬೆಂಕಿ ಎಂದು ಎಲ್ಲರೂ ತಿಳಿದಿದ್ದಾರೆ. ನನ್ನದು ಹಾಗಲ್ಲ. ಅದು ಹೊಟ್ಟಿನ ಒಲೆ. ಮೇಲೆ ಬೂದಿ, ಒಳಗೆ ಕೆಂಡ, ದಿನವಿಡೀ ಬಿಸಿ. ಊದುಗೊಳವೆಯೂ ಬೇಡ.

ಆದರೂ ನನ್ನದು ಎಂದು ಒಂದು ಹೆಚ್ಚುಗಾರಿಕೆ ಇತ್ತು. ಪಾತ್ರೆ ಬೆಳಗುವುದರಲ್ಲಿ ಆ ಲೈನಿನಲ್ಲೇ ನನ್ನನ್ನು ಮೀರಿಸುವವರಿರಲಿಲ್ಲ. ನಮ್ಮೂರಲ್ಲಿ ಸಯನೈಡ್ ದಿಬ್ಬಗಳಿವೆ. ಚಿನ್ನ ತೆಗೆದುಕೊಂಡು ಉಳಿದ ಕಲ್ಲುಹುಡಿಯನ್ನು ಸುರಿದು ಸುರಿದು ಬೆಟ್ಟವಾದದ್ದು. ಗಾಳಿಕಾಲ ಬಂತೆಂದರೆ ಆ ಬಿಳಿ ಹುಡಿ ಅನ್ನದ ಮೇಲೂ, ದೇವರ ಮೇಲೂ, ಕಣ್ಣಿನ ರೆಪ್ಪೆಯ ಮೇಲೂ ಕೂರುತ್ತದೆ. ಹಿತ್ತಾಳೆ ಎರಡೇ ದಿನಕ್ಕೆ ಮಂಕು. ಅಂಥ ಊರಿನಲ್ಲಿ ನಮ್ಮ ಬಿಂದಿಗೆ ಮಾತ್ರ ಬೆಳಗಿನ ಸೂರ್ಯನ ಹಾಗೆ ಇರುತ್ತಿತ್ತು. ಹುಣಸೆಹಣ್ಣಿನ ಗಸಿ, ಮೇಲೆ ಬೂದಿ. ಎಲ್ಲರಿಗೂ ಗೊತ್ತಿದ್ದ ಗುಟ್ಟು ಇಷ್ಟು. ಯಾರಿಗೂ ಗೊತ್ತಿಲ್ಲದ ಗುಟ್ಟು ಇನ್ನೊಂದಿತ್ತು. ಆ ದಿಬ್ಬದ ಹುಡಿಯನ್ನೇ ಒಂದು ಡಬ್ಬಿಯಲ್ಲಿ ತುಂಬಿ ಬಚ್ಚಲ ಮೂಲೆಯಲ್ಲಿ ಬಚ್ಚಿಟ್ಟಿದ್ದೆ. ಮೈದಾ ಹಿಟ್ಟಿನಷ್ಟು ನುಣುಪು, ಆದರೆ ಉಜ್ಜಿದರೆ ಅರದ ಹಾಗೆ ತಿನ್ನುತ್ತದೆ. "ಇಸ ಅದು, ಮನೆಗ್ ತರಬ್ಯಾಡ" ಎಂದು ಅಮ್ಮ ಹೇಳಿದ್ದಳು. ನಾನು ಕುಡಿಯುವ ಪಾತ್ರೆಗೆ ಹಾಕುತ್ತಿರಲಿಲ್ಲ, ದೀಪದ ಕಂಬಕ್ಕೆ ಮಾತ್ರ. ದೇವರು ಕುಡಿಯುವುದಿಲ್ಲವಲ್ಲ.

"ಅಡಿ ರತ್ನಾ, ನಿನ್ ಕೈ ಕೈಯಲ್ಲ, ಮೆಷಿನ್ನು" ಎನ್ನುತ್ತಿದ್ದಳು ಕಣ್ಣಮ್ಮ. ಆ ಒಂದು ಮಾತಿಗೆ ಅವಳ ಬಿಂದಿಗೆಯನ್ನೂ ಬೆಳಗಿಕೊಡುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು.

ಬಿಳಿ ದೊರೆಗಳು ಒಬ್ಬೊಬ್ಬರಾಗಿ ಗಣಿ ಬಿಟ್ಟು ತಮ್ಮ ದೇಶಕ್ಕೆ ಹೊರಟ ಕಾಲ ಅದು. ಅಪ್ಪನ ದೊರೆಯೂ ಹೊರಟ. ಹೋಗುವಾಗ ತನ್ನ ಹಳೆಯ ಕಾರನ್ನು ಅಪ್ಪನಿಗೇ ಕೊಟ್ಟುಹೋದ. ಆಮೆಯ ಬೆನ್ನಿನ ಕಾರು. ಅಪ್ಪ ಅದನ್ನು ಬಂಗಾರಪೇಟೆ ಸ್ಟೇಷನ್ನಿಗೆ ಟ್ಯಾಕ್ಸಿ ಬಿಡುವುದೆಂದು ತೀರ್ಮಾನಿಸಿದ. ಹೊರಗೆ ಕಪ್ಪು ಬಣ್ಣ ಚೆನ್ನಾಗಿಯೇ ಇತ್ತು. ಒಳಗೆ ಕೂತರೆ ಅಳು ಬರುತ್ತಿತ್ತು. ಬಾಗಿಲ ಹಿಡಿಗಳು, ಗಾಜು ತಿರುಗಿಸುವ ಹಿಡಿಗಳು, ಸ್ಟೀರಿಂಗ್ ಹಿಂದಿನ ಮೀಟರುಗಳ ಸುತ್ತಿನ ಬಳೆಗಳು, ಡ್ಯಾಶ್‌ಬೋರ್ಡ್ ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಹೋಗುವ ಒಂದು ಪಟ್ಟಿ, ಎಲ್ಲದರ ಕ್ರೋಮಿನಲ್ಲೂ ಸಿಡುಬು ಬಂದವರ ಮುಖದ ಹಾಗೆ ಗುಳಿಗುಳಿಯಾಗಿ ತುಕ್ಕು ಕಾಣುತ್ತಿತ್ತು. ಬೆಂಗಳೂರಿಗೆ ಕಳಿಸಿ ಮತ್ತೆ ಕ್ರೋಮು ಹಿಡಿಸುವುದು ನಮ್ಮ ಕೈಲಾಗುವ ಮಾತಲ್ಲ.

"ಓಗ್ಲಿ ಬುಡಪ್ಪ, ನಾನ್ ಮಾಡ್ತೀನಿ" ಎಂದ ನಾಗ.

ಅವನಿಗೆ ಆಗ ಹದಿನೇಳು. ಆ ವರ್ಷವೇ ಗಣಿಯ ಡಾಕ್ಟರು ಅವನನ್ನು ಬೇಡವೆಂದಿದ್ದರು. ಭೂಮಿಯ ಒಳಗೆ ಎಲ್ಲ ಗಂಟೆಯ ಸನ್ನೆಯ ಮೇಲೆ ನಡೆಯುತ್ತದೆ. ಕಿವಿ ಮಂದವಿದ್ದವನಿಗೆ ಅಲ್ಲಿ ಕೆಲಸವಿಲ್ಲ. ಅಂದಿನಿಂದ ಅವನು ಮನೆಯ ಜಗಲಿಯ ಮೇಲೆ ಕೂತು ಏನಾದರೊಂದನ್ನು ಬಿಚ್ಚುತ್ತಿದ್ದ, ಜೋಡಿಸುತ್ತಿದ್ದ. ಇಡೀ ಮನೆ ಅವನ ಮುಖ ನೋಡಿಕೊಂಡು ನಡೆಯುತ್ತಿತ್ತು. ನನ್ನನ್ನು ಸ್ಕೂಲು ಬಿಡಿಸಿದ ದಿನ ಯಾರೂ ನನ್ನ ಮುಖ ನೋಡಿಕೊಂಡು ನಡೆದದ್ದು ನೆನಪಿಲ್ಲ. ನೀರು ತಾ ಎಂದು ಕೊಡ ಕೊಟ್ಟಿದ್ದರು.

ಮೊದಲ ಸಲ ಅವನು ಮಾಡಿದ್ದು ಎಲ್ಲರೂ ಮಾಡುವುದೇ. ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಬೋರ್ಡು ಬರೆಯುವವರ ಹತ್ತಿರ ಬೆಳ್ಳಿಪುಡಿ ತಂದ. ಹೆಸರು ಬೆಳ್ಳಿಪುಡಿ, ನಿಜಕ್ಕೂ ಅಲ್ಯೂಮಿನಿಯಂ. ವಾರ್ನಿಷಿಗೆ ಕಲಸಿ ಬ್ರಷ್ಷಿನಲ್ಲಿ ಬಳಿದ. ಒಣಗಿದ ಮೇಲೆ ಹಿಡಿ ಬೂದು ಬಣ್ಣಕ್ಕೆ ಬಂದು, ನೀರಿನ ಟ್ಯಾಂಕಿಯ ಮರಿಯ ಹಾಗೆ ಕಂಡಿತು.

"ಚೆನ್ನಾಗೈತೆ ಕಣೋ, ಆಸ್ಪತ್ರೆ ಮಂಚದಂಗೆ" ಎಂದೆ ನಾನು. ಆ ದಿನ ನನಗೆ ಎರಡು ಮುದ್ದೆ ಹೆಚ್ಚು ಸೇರಿತು.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ವಾರ ಬರೀ ನೋಡುತ್ತಾ ಕೂತಿದ್ದ. ಒಂದು ಮಧ್ಯಾಹ್ನ ನೀರಿನ ತೊಟ್ಟಿಯ ಮೇಲೆ ಬಗ್ಗಿದವನು ಹಾಗೇ ನಿಂತುಬಿಟ್ಟ.

"ಅಕ್ಕಾ, ಇಲ್ಲಿ ಬಾ. ಬಿಳೀ ತಟ್ಟೇಲಿರೋ ನೀರಲ್ಲಿ ಮಕ ಕಾಣಲ್ಲ. ಕರೀ ತೊಟ್ಟೀಲಿರೋ ನೀರಲ್ಲಿ ಕಾಣ್ತದೆ. ಒಳಪು ಬೇಕಂದ್ರೆ ಕೆಳಗೆ ಕಪ್ಪಿರ್ಬೇಕು."

"ನಿನ್ ಮಕ ಯಾವ್ ನೀರಲ್ಲಿ ಕಂಡ್ರೂ ಒಂದೇ, ಓಗೋ" ಎಂದು ಕೊಡ ಮುಳುಗಿಸಿ ಅವನ ಪ್ರತಿಬಿಂಬವನ್ನು ಕಲಕಿಬಿಟ್ಟೆ. ಆದರೆ ಅವನು ಹೇಳಿದ್ದು ಸರಿ ಎಂದು ನನಗೆ ಆಗಲೇ ತಿಳಿದಿತ್ತು. ಹೊಳಪಿನ ವಿಷಯದಲ್ಲಿ ನಾನು ದಡ್ಡಿಯಲ್ಲ.

ಆಮೇಲೆ ಅವನು ಕೆಲಸ ಮಾಡಿದ ರೀತಿಯನ್ನು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಹೊಟ್ಟೆಕಿಚ್ಚಿನವರು ನೋಡಿದಷ್ಟು ಚೆನ್ನಾಗಿ ಗುರುವಿನ ಮುಂದೆ ಕೂತ ಶಿಷ್ಯರೂ ನೋಡುವುದಿಲ್ಲ. ಹಿಡಿಯ ತುಕ್ಕನ್ನೆಲ್ಲ ಉಪ್ಪುಕಾಗದದಲ್ಲಿ ತಿಕ್ಕಿ, ಗುಳಿಗಳಿಗೆ ಸೀಮೆಸುಣ್ಣ ಎಣ್ಣೆ ಕಲಸಿದ ಲಪ್ಪ ತುಂಬಿ, ಮತ್ತೆ ತಿಕ್ಕಿ, ಸೀಮೆಎಣ್ಣೆಯಲ್ಲಿ ಒರೆಸಿ ಒಣಗಿಸುವುದು. ಕಪ್ಪು ಎನಾಮಲ್ಲನ್ನು ತೆಳ್ಳಗೆ ಒಂದು ಸಲ ಹಚ್ಚುವುದು. ಒಣಗಿದ ಮೇಲೆ ನುಣುಪು ಕಾಗದವನ್ನು ಸೋಪಿನ ನೀರಿನಲ್ಲಿ ನೆನೆಸಿ ಉಜ್ಜುವುದು. ಮತ್ತೆ ಹಚ್ಚುವುದು, ಮತ್ತೆ ಉಜ್ಜುವುದು. ಐದನೆಯ ಸಲಕ್ಕೆ ಆ ಕಪ್ಪಿನಲ್ಲಿ ಬಗ್ಗಿ ನೋಡಿದವರ ಹಲ್ಲುಗಳ ಸಂದಿ ಕಾಣುತ್ತಿತ್ತು. ಕೊನೆಯ ಸಲ ಹಚ್ಚಿದ ಮೇಲೆ ಕಾಯಬೇಕು. ಪೂರ್ತಿ ಒಣಗಲೂ ಬಾರದು, ಹಸಿಯಾಗಿರಲೂ ಬಾರದು. ಅವನು ಬೆರಳಿನ ಗೆಣ್ಣನ್ನು ಹಿಂಬದಿಯಿಂದ ಮೆಲ್ಲಗೆ ಮುಟ್ಟಿಸಿ, ಬಲಗಿವಿಯನ್ನು ಹತ್ತಿರ ತಂದು ಕೇಳುತ್ತಿದ್ದ. ಬೆರಳಿಗೆ ಅಂಟದೆ 'ಕಿಚ್' ಎಂದು ಸಣ್ಣ ಸದ್ದು ಬಂದರೆ ಹದ. ಆಗ ಬೆಳ್ಳಿಪುಡಿಯನ್ನು ವಾರ್ನಿಷಿಗೆ ಕಲಸದೆ, ಒಣಗಿದ್ದನ್ನೇ ರೇಷ್ಮೆ ಬಟ್ಟೆಯ ಚೂರಿಗೆ ತಾಗಿಸಿಕೊಂಡು, ಮಗುವಿನ ಕೆನ್ನೆಗೆ ಪೌಡರು ಹಚ್ಚುವಷ್ಟೇ ಹಗುರವಾಗಿ ಸುತ್ತಿ ಸುತ್ತಿ ಸವರುವುದು. ಕಪ್ಪು ಹೋಗಿ ಕನ್ನಡಿ ಬರುತ್ತಿತ್ತು.

"ಇದ್ರ ಮ್ಯಾಲೆ ವಾರ್ನಿಷ್ ಬಳಿಯಲ್ವೇನ್ಲಾ?" ಎಂದು ಅಪ್ಪ ಕೇಳಿದ.

"ಬ್ಯಾಡಪ್ಪ. ವಾರ್ನಿಷ್ ಬಳಿದ್ರೆ ಕನ್ನಡಿ ಓಗಿ ತಗಡಾಗ್ತದೆ. ಇಂಗೇ ಎಂಟ್ ದಿನ ಮುಟ್ಟದಂಗೆ ಬುಟ್ರೆ ತಾನೇ ಗಟ್ಟಿ ಕಚ್ಕೊಂತದೆ."

ರೇಷ್ಮೆ ಎಲ್ಲಿಂದ ಬಂತೆಂದು ಕೇಳುತ್ತೀರಿ. ಅಮ್ಮನ ಮದುವೆಯ ಸೀರೆಯಿಂದ. ಅದು ಟ್ರಂಕಿನಲ್ಲಿತ್ತು. ನಾನು ಮೈನೆರೆದ ದಿನ ಆರತಿಗೆ ಉಟ್ಟುಕೊಳ್ಳುತ್ತೇನೆಂದು ಕೇಳಿದ್ದಕ್ಕೆ "ಉಟ್ಟು ಅರ್ದಾಕ್ತೀಯ" ಎಂದು ಟ್ರಂಕು ಮುಚ್ಚಿದ್ದಳು. ಈಗ ನಾಗ ಬಾಯಿ ಬಿಟ್ಟು ಕೇಳಲೂ ಇಲ್ಲ. ಹಳೆಯ ಪಂಚೆಯ ಚೂರಿನಲ್ಲಿ ಗೀಚು ಬೀಳುತ್ತಿದೆ ಎಂದನಷ್ಟೆ. ಅಮ್ಮ ಕತ್ತರಿ ತಂದು ಸೀರೆಯ ಒಳತುದಿಯನ್ನು ಕರ್ ಎಂದು ಕತ್ತರಿಸಿ ಕೊಟ್ಟಳು. ಆ ಕರ್ ಎಂಬ ಸದ್ದು ನನ್ನ ಗಟ್ಟಿಯಾದ ಎರಡೂ ಕಿವಿಗಳಿಗೆ ಚೆನ್ನಾಗಿ ಕೇಳಿಸಿತು.

ಇನ್ನು ಒಣಗಿಸುವ ವೈಭೋಗ. ದಿಬ್ಬದ ಹುಡಿ ಒಂದು ಕಣ ಬಿದ್ದರೂ ಕೆಲಸ ಕೆಟ್ಟಂತೆ. ಅದಕ್ಕೆ ಅಡುಗೆಮನೆಯ ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ಒಂದು ದೊಡ್ಡ ಬುಟ್ಟಿ ಕವಿಚಿ, ಅದರೊಳಗೆ ಹಿಡಿಗಳನ್ನು ತಂತಿಯಲ್ಲಿ ನೇತುಹಾಕಿದರು. ಎಂಟು ದಿನ ಕಸ ಗುಡಿಸಬಾರದು. ಒಲೆ ಹಚ್ಚಬಾರದು. ಸೆರಗು ಬೀಸಬಾರದು. ನಾನು ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು ಹೊಗೆ ಕುಡಿಯುತ್ತಾ ಮುದ್ದೆ ತೊಳಸಿದೆ. ಬಾಣಂತಿ ಕೋಣೆಗೂ ಅಷ್ಟು ಮಡಿ ಇರುವುದಿಲ್ಲ.

ಆ ಎಂಟು ದಿನದಲ್ಲೇ ಒಂದು ಬೆಳಿಗ್ಗೆ ಭೂಮಿ ನಡುಗಿತು. ನಮ್ಮಲ್ಲಿ ಅದು ಹೊಸದೇನಲ್ಲ. ಕೆಳಗೆ ಗಣಿಯಲ್ಲಿ ಬಂಡೆ ಸಿಡಿದರೆ ಮೇಲೆ ಗೂಡಿನ ಪಾತ್ರೆಗಳು ಗಣಗಣ ಎನ್ನುತ್ತವೆ, ಎಲ್ಲರೂ ಬೀದಿಗೆ ಓಡುತ್ತೇವೆ. ಆ ದಿನ ಅಮ್ಮ ಓಡಿ ಬಂದಾಗ ಅವಳ ಎದೆಗೆ ಅವಚಿಕೊಂಡದ್ದು ಹಿಡಿಗಳಿದ್ದ ಆ ಬುಟ್ಟಿ. ನಾನು ಬಚ್ಚಲಲ್ಲಿದ್ದೆ. ಒದ್ದೆ ಸೀರೆಯಲ್ಲಿ ನಡುಗುತ್ತಾ ನಾನೇ ಹೊರಗೆ ಬಂದೆ. ಅಮ್ಮ ನನ್ನನ್ನು ನೋಡಿ, "ಲೇ ರತ್ನಿ, ನೀರ್ ಹನಿಸ್ಬ್ಯಾಡ, ಆಕಡೆ ನಿಂತ್ಕೊ" ಎಂದಳು.

ಹಿಡಿಗಳನ್ನು ಕಾರಿಗೆ ಜೋಡಿಸಿದ ದಿನ ಲೈನಿನವರೆಲ್ಲ ಸಾಲಾಗಿ ಬಂದು ಕೂತು ಎದ್ದು ಹೋದರು. ಕಣ್ಣಮ್ಮ ಮುಂದಿನ ಸೀಟಿನಲ್ಲಿ ಕೂತು ಉದ್ದದ ಪಟ್ಟಿಗೆ ಮುಖ ಒಡ್ಡಿ ಮೂಗುತಿ ಸರಿಮಾಡಿಕೊಂಡಳು.

"ಅಯ್ಯಯ್ಯೋ, ಎನ್ನ ಪಳಪಳಪ್ಪು, ಏನ್ ಒಳಪು! ರತ್ನಾ, ಇನ್ಮೇಲೆ ನೀನ್ ಬಿಂದಿಗೆ ಬೆಳಗ್ಬೇಡ, ತಮ್ಮನ್ ಕೈಲಿ ಬಣ್ಣ ಬಳಿಸ್ಬಿಡು."

ಎಲ್ಲರೂ ನಕ್ಕರು. ನಾಗನೂ ನಕ್ಕ. ನಾನೂ ಹಲ್ಲು ತೋರಿಸಿದೆ. ಆಮೇಲೆ ಒಳಗೆ ಹೋಗಿ ಆವತ್ತೇ ಬೆಳಗಿದ್ದ ಬಿಂದಿಗೆಯನ್ನು ನೋಡಿದೆ. ಹಳದಿ ಬಣ್ಣದ ಒಂದು ಬಿಂದಿಗೆ, ಅಷ್ಟೆ.

ಸುದ್ದಿ ಬಂಗಾರಪೇಟೆಗೂ ಹೋಯಿತು. ಅಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವ, ಕಾರುಗಳನ್ನು ರಿಪೇರಿ ಮಾಡುವ ಶೆಡ್ಡಿನ ಯಜಮಾನ ಚೌಡಪ್ಪ ಅಪ್ಪನ ಟ್ಯಾಕ್ಸಿ ಸ್ಟ್ಯಾಂಡಿನ ಗೆಳೆಯ. ಅವನು ಅಪ್ಪನಿಗೆ ಹೇಳಿದನಂತೆ: ಆಯುಧಪೂಜೆಯ ದಿನ ತನ್ನ ಶೆಡ್ಡಿನ ಪೂಜೆ ಮುಗಿಸಿಕೊಂಡು ಮಧ್ಯಾಹ್ನ ಬರುತ್ತೇನೆ, ಕಾರನ್ನು ನಿಲ್ಲಿಸಿರು, ಕಣ್ಣಾರೆ ನೋಡುತ್ತೇನೆ. ಮೆಚ್ಚಿಗೆಯಾದರೆ ಮಾರನೆಯ ದಿನ ವಿಜಯದಶಮಿ, ಒಳ್ಳೆಯ ದಿನ, ಹುಡುಗನನ್ನು ಬಣ್ಣದ ಕೆಲಸಕ್ಕೆ ಕೂರಿಸಿಕೊಳ್ಳುತ್ತೇನೆ. ಗಂಟೆ ಕೇಳಿಸಬೇಕಾದ ಕೆಲಸವಲ್ಲ ಅದು. ಕಣ್ಣು ಕೈ ಇದ್ದರೆ ಸಾಕು. ಅಪ್ಪ ಅದನ್ನು ಹೇಳುವಾಗ ಅಮ್ಮ ಅತ್ತಳು. ನಾಗ ಹೊರಗೆ ಹೋಗಿ ಕಾರಿನೊಳಗೆ ಕೂತುಕೊಂಡ.

ಆಯುಧಪೂಜೆಯ ಬೆಳಿಗ್ಗೆ ಅಪ್ಪನೂ ನಾಗನೂ ಬೂದುಗುಂಬಳ, ಹೂವು, ನಿಂಬೆಹಣ್ಣು ತರಲು ಆಂಡರ್ಸನ್‌ಪೇಟೆಗೆ ಸೈಕಲ್ಲಿನಲ್ಲಿ ಹೋದರು. ಅಮ್ಮ ಒಳಗೆ ಅಡುಗೆಯಲ್ಲಿದ್ದಳು. ಹೊರಡುವಾಗ ಅಪ್ಪ, "ರತ್ನಾ, ಕಾರ್ ತೊಳ್ದು ಚೆನ್ನಾಗ್ ಮಡಗು" ಎಂದಿದ್ದ. ಒಳಗಿನದನ್ನು ಮುಟ್ಟಬೇಡ ಎಂದು ಅವನೂ ಹೇಳಲಿಲ್ಲ, ನಾಗನೂ ಹೇಳಲಿಲ್ಲ. ಅದನ್ನು ಹೇಳಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ. ಎಂಟು ದಿನ ಹಿತ್ತಲಲ್ಲಿ ಮುದ್ದೆ ತೊಳಸಿದವಳಿಗೆ ಅದು ಗೊತ್ತಿಲ್ಲವೇ?

ಹಬ್ಬದ ದಿನ ನಮ್ಮ ಕಡೆ ಕತ್ತಿ, ಕುಡುಗೋಲು, ತಕ್ಕಡಿ, ಕೊಳಗ ಏನಿದ್ದರೂ ಹುಣಸೆಹಣ್ಣು ಹಾಕಿ ಬೆಳಗದೆ ಕುಂಕುಮ ಇಡುವುದಿಲ್ಲ. ನಾನು ದೀಪದ ಕಂಬಗಳನ್ನು ಬೆಳಗಿದೆ. ಹೊರಗಿನಿಂದ ಕಾರನ್ನು ತೊಳೆದೆ. ಕೈಯಲ್ಲಿ ಹುಣಸೆಹಣ್ಣಿನ ಉಂಡೆ ಇನ್ನೂ ಉಳಿದಿತ್ತು. ಬಾಗಿಲು ತೆಗೆದು ಒಳಗೆ ಕೂತೆ. ಸುಮ್ಮನೆ ನೋಡೋಣ ಎಂದೇ ಕೂತದ್ದು, ನನ್ನಾಣೆಗೂ. ಆ ಉದ್ದದ ಪಟ್ಟಿಯಲ್ಲಿ ನನ್ನ ಮುಖ ಕಂಡಿತು. ಬೆವರು, ಮಸಿ, ಕೆದರಿದ ಕೂದಲು. ಆ ಪಟ್ಟಿ ಎಲ್ಲರ ಮುಖವನ್ನೂ ಚೆನ್ನಾಗಿ ತೋರಿಸಿ ನನ್ನದನ್ನು ಮಾತ್ರ ಹೀಗೆ ತೋರಿಸುತ್ತಿದೆ ಅನ್ನಿಸಿತು.

ಉಗುರಿನಿಂದ ಕೆರೆದೆ. ಬಿಡಲಿಲ್ಲ.

ಹುಣಸೆಹಣ್ಣು ಒತ್ತಿ ಉಜ್ಜಿದೆ. ಬಿಡಲಿಲ್ಲ. ಹತ್ತು ಸಲ, ಇಪ್ಪತ್ತು ಸಲ ಉಜ್ಜಿದೆ. ಒರೆಸಿ ನೋಡಿದರೆ ಮೊದಲಿಗಿಂತ ಸ್ವಚ್ಛವಾಗಿ ಹೊಳೆಯುತ್ತಿತ್ತು. ಅಲ್ಲಿಗೆ ಎದ್ದು ಬಂದಿದ್ದರೆ ನಾನು ಈಗ ಇದನ್ನು ಬರೆಯುತ್ತಿರಲಿಲ್ಲ. ಹುಣಸೆಹಣ್ಣಿನವರೆಗೆ ಅದು ಅಭ್ಯಾಸಬಲ ಎನ್ನಬಹುದು. ಆಮೇಲಿನದಕ್ಕೆ ಹಾಗೆನ್ನಲು ಬರುವುದಿಲ್ಲ. ನಾನು ಬಚ್ಚಲಿಗೆ ಹೋದೆ. ಡಬ್ಬಿ ತೆಗೆದೆ. ದಿಬ್ಬದ ಹುಡಿಯನ್ನು ಒಂದು ಹಿಡಿ ಸೆರಗಿನಲ್ಲಿ ತಂದೆ. ಹಲ್ಲು ಕಚ್ಚಿ, ಎರಡೂ ಕೈ ಸೇರಿಸಿ, ಪಟ್ಟಿಯನ್ನೂ ಮುಂದಿನ ಬಾಗಿಲಿನ ಎರಡು ಹಿಡಿಗಳನ್ನೂ ಉಜ್ಜಿದೆ. ಮೊದಲು ಬೂದು ಬಂತು. ಆಮೇಲೆ ಕಪ್ಪು. ಆಮೇಲೆ ಕಪ್ಪಿನ ಕೆಳಗಿನ ಹಳೆಯ ಗುಳಿಗಳು. ತೋಳು ನೋಯತೊಡಗಿದಾಗ ನಿಲ್ಲಿಸಿದೆ. ಹುಡಿಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆ. ಹುಣಸೆಹಣ್ಣಿನ ನಾರನ್ನು ಮಾತ್ರ ಎಲ್ಲರಿಗೂ ಕಾಣುವ ಹಾಗೆ ಸೀಟಿನ ಮೇಲೆ ಬಿಟ್ಟು ಬಂದೆ.

ಬಾಗಿಲು ತೆರೆದವನು ನಾಗನೇ. ಕೈಯಲ್ಲಿ ಚೆಂಡುಹೂವಿನ ಹಾರ ಇತ್ತು. ಹಾರವನ್ನು ಸೀಟಿನ ಮೇಲಿಟ್ಟು, ಬೆರಳಿನ ಗೆಣ್ಣಿನಿಂದ ಪಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿದ. ಅಪ್ಪ ಬಂದು ನೋಡಿ, "ಯಾವ್ ನನ್ಮಗನ್ ಕೆಲಸ ಇದು!" ಎಂದು ಗುಡುಗಿದ. ನಾನು ಅಳತೊಡಗಿದೆ. ಅಳು ನಿಜವಾದದ್ದೇ, ಅಪ್ಪನ ಕೈ ಅಷ್ಟು ಗಟ್ಟಿ.

"ನಂಗೇನ್ ಗೊತ್ತಪ್ಪ, ಲೋಹ ಅಂತ ಉಣ್ಸೆಅಣ್ಣು ಆಕ್ದೆ."

ಅಪ್ಪನ ಎತ್ತಿದ ಕೈ ನಿಂತಿತು. ಅವನು ನನ್ನನ್ನು ನೋಡಿದ, ನಾರನ್ನು ನೋಡಿದ. ಆಮೇಲೆ ತಲೆ ಚಚ್ಚಿಕೊಂಡು ನಕ್ಕುಬಿಟ್ಟ. "ಆಳಾದವಳೇ! ಊರಿನ್ ಇತ್ತಾಳೆನೆಲ್ಲ ಬೆಳಗೋ ಇವಳಿಗೇ ಲೋಹ ಅನ್ನಿಸ್ತಲ್ಲೋ ನಾಗ! ಅಂಗ್ ಮಾಡಿದ್ದೀಯಲ್ಲೋ!"

ನೋಡಿ, ಆ ಗಳಿಗೆಯಲ್ಲೂ ನನಗೆ ಸಿಕ್ಕಿದ್ದು ಕ್ಷಮೆ, ಅವನಿಗೆ ಸಿಕ್ಕಿದ್ದು ಹೊಗಳಿಕೆ. ಕಣ್ಣೀರು ಒರೆಸಿಕೊಳ್ಳುತ್ತಲೇ ನನಗೆ ಅದಕ್ಕೂ ಹೊಟ್ಟೆ ಉರಿಯಿತು.

ಎಂಟು ದಿನದ ಕೆಲಸವನ್ನು ಎರಡು ಗಂಟೆಯಲ್ಲಿ ಮಾಡಲಾಗುವುದಿಲ್ಲ. ಚೌಡಪ್ಪ ಬಂದ. ಹಣೆ ತುಂಬ ಕುಂಕುಮ, ಬಾಯಿ ತುಂಬ ಎಲೆಅಡಿಕೆ. ಹಿಂದಿನ ಬಾಗಿಲಿನ ಹಿಡಿಗಳನ್ನು ನೋಡಿ "ಚೆಂದಾಗೈತೆ, ಚೆಂದಾಗೈತೆ" ಎಂದು ತಲೆದೂಗಿದ. ಮುಂದಿನದನ್ನು ನೋಡಿ ತಲೆದೂಗುವುದನ್ನು ನಿಲ್ಲಿಸಿದ. ಅಪ್ಪ ನಡೆದದ್ದನ್ನು ನಗುನಗುತ್ತಲೇ ಹೇಳಿದ. ಚೌಡಪ್ಪ ನಗಲಿಲ್ಲ. ನನ್ನ ಕಡೆ ತಿರುಗಿದ.

"ಎಷ್ಟ್ ಉಜ್ಜಿದ್ಯಮ್ಮ?"

ಅವನು ಕೇಳಿದ್ದು ಬರೀ ಅಷ್ಟು. ನಾಗನ ಕಣ್ಣು ನನ್ನ ಬಾಯಿಯ ಮೇಲಿತ್ತು. ಅವನು ಮಾತಿನ ಅರ್ಧವನ್ನು ಕಣ್ಣಿನಿಂದಲೇ ಕೇಳುವವನು.

"ಎರಡ್ ಸಲ ಅಂಗೇ ಸವರ್ದೆ, ಅಷ್ಟೇ" ಎಂದೆ.

ಚೌಡಪ್ಪ ಅಪ್ಪನ ಕಡೆ ತಿರುಗಿದ. "ನಾರಾಯಣಪ್ಪ, ಬೇಜಾರ್ ಮಾಡ್ಕೋಬ್ಯಾಡ. ಹುಡುಗನ್ ಕೈ ಚೆಂದ ಐತೆ. ಆದ್ರೆ ನಮ್ ಡ್ರೈವರ್ ನನ್ಮಕ್ಳು ಆಯುಧಪೂಜೆ ದಿನ ಏನ್ ಮಾಡ್ತಾರೆ? ಇದೇ ಮಾಡ್ತಾರೆ. ಎರಡ್ ಉಜ್ಜಿಗೆ ಓಗೋ ಬಣ್ಣಾನ ನನ್ ಶೆಡ್ಡಿಂದ ಕಳ್ಸಿದ್ರೆ ನಾಳೆ ನನ್ ಮಕಕ್ಕೇ ಉಣ್ಸೆಅಣ್ಣು ಉಜ್ತಾರೆ."

ಅವನದು ನ್ಯಾಯವಾದ ಮಾತು. ತಪ್ಪು ಅವನದಲ್ಲ. ಬೂದುಗುಂಬಳ ಒಡೆಯುವವರೆಗೂ ಇದ್ದು, ಪ್ರಸಾದ ತಿಂದು ಹೋದ.

ನಾಗ ಮತ್ತೆ ಆ ಬೆಳ್ಳಿಪುಡಿಯನ್ನು ಮುಟ್ಟಲಿಲ್ಲ. ಮತ್ತೆ ಮಾಡು ಎಂದು ನಾವು ಹೇಳಿದೆವು, ಅಮ್ಮ ಸೀರೆಯ ಇನ್ನೊಂದು ತುದಿಯನ್ನೂ ಕತ್ತರಿಸಲು ಸಿದ್ಧಳಿದ್ದಳು. "ಬುಡಮ್ಮ, ನನ್ದು ಉಣ್ಸೆಅಣ್ಣಿಗೆ ನಿಲ್ಲಲ್ಲ" ಎಂದ. ಅದೇ ಅವನ ಮಾತಾಗಿಹೋಯಿತು. ಬೋರ್ಡು ಬರೆಯುತ್ತೀಯಾ ಎಂದು ಯಾರೋ ಕರೆದರೆ ಅದೇ ಮಾತು. ಗೇಟಿಗೆ ಬಣ್ಣ ಹೊಡೆಯುತ್ತೀಯಾ ಎಂದರೆ ಅದೇ ಮಾತು, ಸ್ವಲ್ಪ ನಗುತ್ತಾ. ಆಂಡರ್ಸನ್‌ಪೇಟೆಯ ಒಂದು ಸೌದೆ ಡಿಪೋದಲ್ಲಿ ತೂಕ ಹಾಕುವ ಕೆಲಸಕ್ಕೆ ಸೇರಿದ. ಹತ್ತು ವರ್ಷದ ಮೇಲಾಯಿತು. ಮದುವೆಯಾಗಿ ನಾನು ಬಂಗಾರಪೇಟೆಗೆ ಬಂದೆ. ಪ್ರತಿ ಗೌರಿ ಹಬ್ಬಕ್ಕೂ ಅವನೇ ರೈಲಿನಲ್ಲಿ ಬಾಗಿನ ತರುತ್ತಿದ್ದ. ಬಂದಾಗ ನಾನು ಬಡಿಸುತ್ತಿದ್ದೆ, ಅವನು ತಿನ್ನುತ್ತಿದ್ದ. ಅವನ ಆ ಮಾತನ್ನು ಒಂದು ಮಾತಿನಿಂದ ಕಿತ್ತುಹಾಕಬಹುದಿತ್ತು. ನನ್ನ ಮಾನಕ್ಕೆ ಹೆದರಿ ಸುಮ್ಮನಿದ್ದೆ ಎಂದರೆ ಅರ್ಧ ಸತ್ಯ. ಅವನು ಸೌದೆ ತೂಗುತ್ತಿದ್ದಾನೆ ಎಂಬುದರಲ್ಲಿ ನನಗೊಂದು ಸಮಾಧಾನವಿತ್ತು. ಇದನ್ನು ಒಮ್ಮೆ ಬರೆದು ಹೊಡೆದುಹಾಕಿದ್ದೆ, ಮತ್ತೆ ಬರೆದಿದ್ದೇನೆ.

ಟ್ಯಾಕ್ಸಿಯ ಹಿಡಿ ಕೆರೆದ ಮಾರನೆಯ ವಾರ ಆಂಡರ್ಸನ್‌ಪೇಟೆಗೆ ಹೋದೆ. ಡಿಪೋದಲ್ಲಿ ನಾಲ್ಕು ಜನ ಸೌದೆಗೆ ನಿಂತಿದ್ದರು. ನಾಗ ತಕ್ಕಡಿಯ ಹತ್ತಿರವಿದ್ದ.

"ಏನಕ್ಕ, ಇಷ್ಟ್ ದೂರ? ಅತ್ತೆ ಉಸಾರಾ?"

"ನಾಗ, ಆವತ್ತು ಕಾರಿಗೆ ಬರೀ ಉಣ್ಸೆಅಣ್ಣಲ್ಲ ಕಣೋ." ಮೆಲ್ಲಗೆ ಹೇಳಿದೆ.

"ಆಂ?" ಎಂದು ಅವನು ಬಲಗಿವಿ ತಿರುಗಿಸಿದ.

ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಒಂದು ಸಲ ಹೇಳುವುದೇ ಕಷ್ಟ. ಎರಡನೆಯ ಸಲ, ಗಟ್ಟಿಯಾಗಿ, ನಾಲ್ಕು ಜನರ ಮುಂದೆ ಹೇಳಬೇಕಾಯಿತು. ಹುಣಸೆಹಣ್ಣಿಗೆ ಅದು ಬಿಡಲಿಲ್ಲ. ಸಯನೈಡ್ ದಿಬ್ಬದ ಮಣ್ಣು ತಂದು ಉಜ್ಜಿದೆ. ಬೇಕೆಂದೇ ಉಜ್ಜಿದೆ. ಸೌದೆಗೆ ಬಂದವರು ಕೂಡ ತಿರುಗಿ ನೋಡಿದರು.

ಅವನು ಬೈಯುತ್ತಾನೆಂದು ಕಾದೆ. ಅವನು ಕೇಳಿದ್ದೇ ಬೇರೆ.

"ಉಣ್ಸೆಅಣ್ಣಿಗೆ ಬಿಡ್ಲೇ ಇಲ್ವಾ?"

"ಇಲ್ಲ. ಇಪ್ಪತ್ತ್ ಸಲ ಉಜ್ಜಿದ್ರೂ ಬಿಡ್ಲಿಲ್ಲ."

"ಮಣ್ಣಿಗೆ? ಎಷ್ಟೊತ್ತು ತಡೀತು?"

"ತೋಳ್ ಬಿದ್ದೋಗೋ ತನಕ."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ತೊಗಟೆಯ ಮಸಿ ಹತ್ತಿದ ಅಂಗೈ. ನಿಧಾನವಾಗಿ ಒಂದು ನಗು ಬಂತು. ನನಗಲ್ಲ, ಅಲ್ಲಿ ಯಾರಿಗೂ ಅಲ್ಲ. ನಾನು ಅಪರಾಧ ಒಪ್ಪಿಕೊಂಡು ನಿಂತಿದ್ದೇನೆ, ಅವನು ತನ್ನ ಕೈಯ ಜೊತೆ ಮಾತಾಡಿಕೊಂಡು ನಗುತ್ತಿದ್ದಾನೆ. ಕಾಲು ಮುಟ್ಟಬೇಕೆಂದು ಹೋಗಿದ್ದವಳಿಗೆ ಆ ನಗು ನೋಡಿ ಹೊಟ್ಟೆಯಲ್ಲಿ ಚುರುಕ್ ಎಂದಿತು. ದೇವರೇ, ಈಗಲೂನಾ ಎಂದುಕೊಂಡೆ.

ಆಮೇಲೆ ಅವನ ಮುಖ ಬದಲಾಯಿತು. ಲೆಕ್ಕ ಹಾಕುವವನ ಹಾಗೆ ತಕ್ಕಡಿಯನ್ನು ನೋಡಿದ, ಸೌದೆಯ ರಾಶಿಯನ್ನು ನೋಡಿದ, ನನ್ನನ್ನು ನೋಡಿದ.

"ಓಗಕ್ಕ" ಎಂದ. "ನಾನಾಗ್ ನಾನೇ ಬರೋಗಂಟ ನೀನು ಬರ್ಬ್ಯಾಡ. ಅಮ್ಮನ್ ಮುಂದೆ ಏನೂ ಏಳ್ಬ್ಯಾಡ."

ಈ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ಅತ್ತೆ ಕೇಳಿದರು, ತಮ್ಮನಿಗೆ ಜ್ವರ ಎಂದೆ. ದೀಪಾವಳಿಯೂ ಆಯಿತು. ಸ್ಟೇಷನ್ ಕಡೆಯಿಂದ ಯಾರು ಬಂದರೂ ಬಾಗಿಲಿಗೆ ಬಂದು ನೋಡುತ್ತೇನೆ. ಕಣ್ಣಮ್ಮ ಒಮ್ಮೆ ಸಂತೆಯಲ್ಲಿ ಸಿಕ್ಕಿದ್ದಳು. ನಾಗ ಡಿಪೋ ಕೆಲಸವನ್ನು ಅರ್ಧ ದಿನಕ್ಕೆ ಮಾಡಿಕೊಂಡಿದ್ದಾನಂತೆ. ಮಧ್ಯಾಹ್ನದ ಮೇಲೆ ಹಿತ್ತಲಲ್ಲಿ ಯಾರದೋ ಕಾರಿನ ಹಿಡಿಗಳನ್ನು ಇಟ್ಟುಕೊಂಡು ಕೂತಿರುತ್ತಾನಂತೆ. ಅವನು ಊಟ ಸರಿಯಾಗಿ ಮಾಡುತ್ತಾನಾ ಎಂದು ಕೇಳಿದೆ. ಇಳಿದುಹೋಗಿದ್ದಾನಾ ಎಂದು ಕೇಳಿದೆ. ನನ್ನ ವಿಷಯ ಏನಾದರೂ ಎತ್ತುತ್ತಾನಾ ಎಂದೂ ಕೇಳಿದೆ. ಹಿಡಿಗಳು ಹೇಗೆ ಬಂದಿವೆ ಎಂದು ಮಾತ್ರ ಕೇಳಲಿಲ್ಲ. ಚೆನ್ನಾಗಿ ಬಂದಿವೆ ಎಂದು ಅವಳು ಹೇಳಿಬಿಟ್ಟರೆ, ನನ್ನ ಹೊಟ್ಟೆಯನ್ನು ನಾನು ಇನ್ನೂ ನಂಬುವ ಹಾಗಿಲ್ಲ.